ಯಾರ ದನ

ಡೆಲ್ಟಾ ಊರಿನ ಪಡುವಣಕ್ಕೆ, ಯೂಟಾದ ಉಪ್ಪುಮಣ್ಣಿನ ಮೇಲೆ
ಮಂಚಗಳ ಹಾಗೆ ನಿಂತಿವೆ ಶೋಧಕಗಳು,
ಒಂದರಿಂದ ಒಂದಕ್ಕೆ ಮುಕ್ಕಾಲು ಮೈಲಿ.
ಮುನ್ನೂರೆಂಟನೆಯದು ಮೂರು ದಿನದಿಂದ ಮೂಕ.

ಥೇನ್ ಯಾರ್ಡ್ಲಿ ಬ್ಯಾಟರಿ ಹೊತ್ತು ಬಂದ. ನೋಡಿದರೆ
ಯಾರದೋ ದನ ಬೆನ್ನು ತುರಿಸಿಕೊಂಡು
ಆಂಟೆನಾ ಬಗ್ಗಿಸಿದೆ. ತಂತಿಗೆ ಕೂದಲು, ಕೆಂಪು.

‘ಇಷ್ಟಕ್ಕೂ ಇದು ಎಲ್ಲಿಂದ ಬರುತ್ತೆ?’
ಕೊಳವೆಯನ್ನು ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡುತ್ತ ಕೇಳಿದ.

ಸಿಡಿದ ನಕ್ಷತ್ರದಿಂದ ಇರಬೇಕು, ಅಂದೆ.
ಇರಬೇಕು, ಅಷ್ಟೆ.
ಬೆಳಕಿನದು ಬರಿಗೈ, ಥೇನ್,
ನೇರ ಬರುತ್ತೆ, ಕೇಳಿದರೆ ಊರು ತೋರಿಸುತ್ತೆ.
ಇದು ಪ್ರೋಟಾನು. ಇದರ ಗಂಟಿನಲ್ಲಿ ಒಂದು ಕಾಸು ಧನ.
ಧನ ಇದ್ದವರನ್ನು ದಾರಿ ಸುಮ್ಮನೆ ಬಿಡುತ್ತದೆಯೆ?
ಕಾಂತಕ್ಷೇತ್ರ ಕಾಸು ಕೀಳುವುದಿಲ್ಲ,
ಭುಜ ಹಿಡಿದು ತಿರುಗಿಸುತ್ತೆ.
ಮತ್ತೊಂದು ಕಡೆ ಮತ್ತೊಂದು ಕೈ. ಹೀಗೇ ಲಕ್ಷಾಂತರ ವರ್ಷ.
ಬಡಕಲು ಕಣಗಳು ಹುಟ್ಟಿದ ಹೊಗೆಯ ಸುತ್ತಲೇ ಅಲೆಯುತ್ತವೆ.
ಬಲವಿದ್ದವು ಬೇಗ ಜಾರಿಕೊಂಡು
ಗೆಲಾಕ್ಸಿಯ ಅಂಚು ದಾಟಿಬಿಡುತ್ತವೆ, ಕತ್ತಲಿಗೆ;
ಅವುಗಳ ಸುದ್ದಿ ನಮಗಿಲ್ಲ.
ಇಲ್ಲಿ ಬಿದ್ದದ್ದನ್ನು ಕೇಳಿದರೆ
ಕೊನೆಯ ತಿರುವು ಹೇಳೀತು, ಮನೆಯಲ್ಲ.

ಟೋಪಿ ತೆಗೆದು ಹಣೆ ಒರೆಸಿಕೊಂಡ.
‘ಮತ್ತೆ, ಬಂದ ದಿಕ್ಕು ಅಂತ ಬರಕೊಳ್ಳೋದು ಯಾಕೆ?’

ಉತ್ತರ ಇತ್ತು: ಸಾವಿರಾರು ಬರೆದರೆ
ಆಕಾಶದ ಒಂದು ಮಗ್ಗುಲು ಕೊಂಚ ಭಾರ.
ಹೇಳಲಿಲ್ಲ.

ಡಬ್ಬಿ ಮುಚ್ಚಿದ. ಹಸಿರು ದೀಪ ಮಿಟುಕಿತು.
ಉಪ್ಪಿನಲ್ಲಿ ಗೊರಸಿನ ಗುರುತು,
ಬೇಲಿಯತ್ತ, ಇತ್ತ, ಮತ್ತೆ ಎತ್ತಲೋ.
ಯಾರ ದನ ಅಂತ ನೋಡಲು
ಥೇನ್ ಅದರ ಹಿಂದೆ ಸ್ವಲ್ಪ ದೂರ ನಡೆದ.
ಆಚೆ ಗಾಳಿ ಬೀಸಿಹೋಗಿತ್ತು.
ವಾಪಸು ಬಂದ.