ಹಾಜರಿ

ಆಂಡರ್‌ಸನ್‌ಪೇಟೆಯ ನಮ್ಮ ಕಾಲೇಜಿನಲ್ಲಿ ಹಾಜರಿ ಕೂಗಿದರೆ
ಇಂಗ್ಲೆಂಡಿನ ಅರ್ಧ ವಂಶಾವಳಿ ಎದ್ದು ನಿಲ್ಲುತ್ತದೆ.
ಹೆನ್ರಿ ಸೆಲ್ವರಾಜ್. ಎಸ್ ಮಿಸ್.
ರಿಚರ್ಡ್ ಅಂತೋಣಿ, ಸಿಲಿಂಡರ್ ಹೊತ್ತೂ ಹೊತ್ತೂ
ಒಂದು ಭುಜ ಇಳಿದವನು.
ಎಡ್ವರ್ಡ್. ಬಂದಿಲ್ಲ ಮಿಸ್, ಯಾವತ್ತು ಬಂದಿದ್ದ?
ದೊರೆಗಳ ಬಂಗಲೆಯಲ್ಲಿ ಕಿವಿಗೆ ಬಿದ್ದ ಹೆಸರುಗಳನ್ನು
ಅಜ್ಜಂದಿರು ಊಟದ ಡಬ್ಬಿಯಲ್ಲಿಟ್ಟು ಮನೆಗೆ ತಂದಿರಬೇಕು.
ಗಣಿಯ ಗೇಟಿನಲ್ಲಿ ಬಾಯಿ ಬಿಡಿಸಿ, ಕೂದಲು ಕೆದರಿ
ಚಿನ್ನಕ್ಕೆ ತಡಕುತ್ತಿದ್ದರಂತೆ.
ಹೆಸರು ಸಿಕ್ಕಿಬೀಳಲಿಲ್ಲ.

ಇವತ್ತು ಹನ್ನೆರಡನೇ ಶತಮಾನ.
ಬೋರ್ಡಿನ ಮೇಲೆ ಮೊದಲನೇ ಹೆನ್ರಿ, ಕೆಳಗೊಂದು ಗೆರೆ,
ಗೆರೆಯ ತುದಿಗೆ ಮುಳುಗಿದ ಹಡಗು,
ಹಡಗಿನಲ್ಲಿ ಪಟ್ಟಕ್ಕಿದ್ದ ಒಬ್ಬನೇ ಮಗ.
ಪಕ್ಕದಲ್ಲಿ ಬರೆದೆ: ಮಗಳು.
ಸಾಮಂತರನ್ನೆಲ್ಲ ಕರೆಸಿ ದೊರೆ ಆಣೆ ಹಾಕಿಸಿದ,
ನನ್ನ ನಂತರ ಇವಳೇ.
ಹೂಂ ಅಂದವರೇ ಎಲ್ಲ.
ದೊರೆ ಕಣ್ಣು ಮುಚ್ಚಿದ್ದೇ ತಡ
ಸೋದರತ್ತೆಯ ಮಗ ಸ್ಟೀಫನ್ ಸಮುದ್ರ ದಾಟಿಬಿಟ್ಟ.
ಮೂರು ವಾರಕ್ಕೆ ಕಿರೀಟ ಅವನ ತಲೆಯಳತೆಗೆ ಬಂದಿತ್ತು.
ಆಣೆ?
ಸಾಯುವ ಹೊತ್ತಿಗೆ ದೊರೆ ಮನಸ್ಸು ಬದಲಿಸಿದರಂತೆ.
ಹಾಸಿಗೆಯ ಬಳಿ ಯಾರೋ ಕೇಳಿಸಿಕೊಂಡರಂತೆ.
ಒಂದು 'ಅಂತೆ'ಯ ಮೇಲೆ ಸಿಂಹಾಸನ
ಹತ್ತೊಂಬತ್ತು ವರ್ಷ ಅಲುಗಾಡುತ್ತ ನಿಂತಿತು.

ಮೂರನೇ ಬೆಂಚಿನವಳು ಪೆನ್ನು ಕೆಳಗಿಟ್ಟಳು.
ಆ ಮಗಳ ಹೆಸರೇನು ಮಿಸ್?
ನಿನ್ನದೇ ಅಂದೆ. ಮಟಿಲ್ಡಾ.
ಬೆಂಚುಗಳು ದಡದಡ ಬಡಿದವು. ಅವಳು ನಗಲಿಲ್ಲ.

ಕೋಟೆಗೆ ಮುತ್ತಿಗೆ, ಒಳಗೆ ಕಾಳು ಮುಗಿದಿದೆ,
ನದಿ ಹೆಪ್ಪುಗಟ್ಟಿದ ರಾತ್ರಿ ಬಿಳಿ ಬಟ್ಟೆ ಹೊದ್ದು
ಹಿಮದ ಮೇಲೆ, ಕಾವಲಿನವರ ಮೂಗಿನಡಿಯಲ್ಲೇ
ಅವಳು ನಡೆದುಹೋದಳು.
ಹಿಮ ಅಂದರೆ ಹೇಗೆ ತೋರಿಸಲಿ ಈ ಊರಲ್ಲಿ?
ಕಿಟಕಿಯಾಚೆ ಸೈನೈಡ್ ದಿಬ್ಬ, ಮಾಸಲು ಬಿಳುಪು,
ಗಾಳಿಗೆ ಅದರ ಹೆಗಲಿಂದ ಪುಡಿ ಏಳುತ್ತಿತ್ತು.
ಅದರ ಹಾಗೆ, ಆದರೆ ತಣ್ಣಗೆ, ಅಂದೆ.
ದಿನಾ ಅದನ್ನೇ ತುಳಿದು ಬರುವವಳು
ತನ್ನ ಚಪ್ಪಲಿ ನೋಡಿಕೊಂಡಳು.

ಕೊನೆಗೆ?
ಕೊನೆಗೆ ಅವಳ ಮಗ ರಾಜನಾದ.
ಮಗನಾ! ಅವಳು?
ಪುಣ್ಯಕ್ಕೆ ಗಂಟೆ ಹೊಡೆಯಿತು.

ಸಂಜೆ ಸ್ಟಾಫ್‌ರೂಮಿನ ಬಾಗಿಲಲ್ಲಿ ಒಂದು ಹಾಳೆ ಹಿಡಿದು ನಿಂತಿದ್ದಳು.
ಚಾಂಪಿಯನ್ ರೀಫಿನ ಕ್ವಾರ್ಟರ್ಸು, ಒಂದೂವರೆ ಕೋಣೆ,
ತಗಡಿನ ಸೂರು, ಅಂಗಳದಲ್ಲೊಂದು ನಲ್ಲಿ.
ಮನೆ ಇವಳಿಗೆ ಅಂತ ಆಸ್ಪತ್ರೆಯ ಮಂಚದಲ್ಲಿ
ಅಪ್ಪ ಎಲ್ಲರ ಕೈ ಹಿಡಿದು ಹೇಳಿದ್ದ.
ಹದಿನಾರನೆಯ ದಿನ ಮುಗಿಸಿ ಬಂದರೆ
ಬಾಗಿಲಿಗೆ ಅತ್ತೆ ಮಗನ ಬೀಗ.
ಅವನ ಹೆಸರು ಸ್ಟೀಫನ್ ಅಲ್ಲ, ಪ್ರಭಾಕರ.
ಚರಿತ್ರೆ ಅಷ್ಟೊಂದು ಅಚ್ಚುಕಟ್ಟಲ್ಲ.
ಅಪ್ಪ ಕೊನೆಗೆ ಮನಸ್ಸು ಬದಲಿಸಿದರಂತೆ ಮಿಸ್.
ಯಾರಂದರು?
ಅವನೇ.

ಮನೆಮಾತು ತಮಿಳು, ಕನ್ನಡ ಕಷ್ಟಪಟ್ಟು ಬರೆದಿದ್ದಳು.
ಕೆಂಪು ಪೆನ್ನಿನಲ್ಲಿ ಭೂಮಿಯ ಬಕಾರಕ್ಕೆ ಹೊಟ್ಟೆ ಸೀಳಿದೆ,
ಬಿಟ್ಟುಹೋದ ಒತ್ತು ಕೊಟ್ಟೆ,
ಮೇಲುಗಡೆ, ಎಲ್ಲ ಅರ್ಜಿಗೂ ಇರುವಂತೆ, ಸೇರಿಸಿದೆ:
ತಮ್ಮಲ್ಲಿ ವಿನಯಪೂರ್ವಕವಾಗಿ ಬೇಡಿಕೊಳ್ಳುವುದೇನೆಂದರೆ.

ಅವಳು ಓದಿದಳು. ನನ್ನ ಕೈಯಿಂದಲೇ ಪೆನ್ನು ತೆಗೆದುಕೊಂಡು
ಎರಡು ಪದ ಹೊಡೆದುಹಾಕಿದಳು,
ಒಂದು ಬರೆದಳು:
ತಿಳಿಸುವುದೇನೆಂದರೆ.

ಸರೀನಾ ಮಿಸ್?
ವ್ಯಾಕರಣ ಸರಿಯಿದೆ, ಅಂದೆ.