ಟಿಟ್ಟಿಭ ಕುಳಿತ ಮಡ್ಡಿ

ಸಾಂಗಲಿಯಲ್ಲಿ ಎರಡು ದಿನ, ಹೊಸ ಮುಖ್ಯಗುರುಗಳಿಗೆ ತರಬೇತಿ.
ಪರದೆಯ ಮೇಲೆ ಹಿಮದೊಳಗೆ ಸಾಲು ಹಿಡಿದ ತೋಳಗಳು,
ಎಲ್ಲಕ್ಕಿಂತ ಮುಂದಿದ್ದದ್ದಕ್ಕೆ ಕೆಂಪು ಬಾಣ.
'ನೇತೃತ್ವ' ಅಂದರು ಮರಾಠಿಯಲ್ಲಿ.
ನಾನು ಕನ್ನಡದಲ್ಲಿ ಬರೆದುಕೊಂಡೆ:
ಅಕ್ಷರ ಬೇರೆ, ಶಬ್ದ ಅದೇ.
ಊಟಕ್ಕೆ ಶ್ರೀಖಂಡ ಇತ್ತು. ಪೇಟೆಯಲ್ಲಿ ಹೊಸ ಚಪ್ಪಲಿ ಕೊಂಡೆ.

ಜತ್ತದಿಂದ ಊರಿನ ಎಸ್‌ಟಿ ತಪ್ಪಿ
ಟಮಟಮ್ ಹಿಡಿದು ಫಾಟಾದಲ್ಲಿ ಇಳಿದೆ.
ಮಿರಗದ ಮಳೆ ಒಂದೇ ಒಂದು ಸಲ ಮುಖ ತೋರಿಸಿ ಹೋಗಿತ್ತು.
ಮಡ್ಡಿಯ ಮೇಲೆ ಹುಲ್ಲು, ನಿನ್ನೆ ಹುಟ್ಟಿದ್ದು,
ಬಗ್ಗಿ ನೋಡಿದರೆ ಮಾತ್ರ ಹಸಿರು.
ಅಲ್ಲಿ ಅಮೋಗಿ, ಮುನ್ನೂರು ಕುರಿಗಳ ಹಿಂದೆ.

ತರಬೇತಿಯ ಬಿಸಿ ಇನ್ನೂ ಆರಿರಲಿಲ್ಲ, ಕೇಳಿಯೇಬಿಟ್ಟೆ:
ಹಿರಿಯ ನೀನು, ಮುಂದ ಯಾಕ ನಡಿಯೂದಿಲ್ಲ?
"ಮುಂದ ಹೋತ ಅದರೀ, ಅದಕ ಗಂಟಿ ಕಟ್ಟೇನಿ.
ನಾನೂ ಮುಂದಾದರ
ಕುಂಟೂ ಕುರಿ ಯಾರ ಕಣ್ಣಿಗಿ ಬೀಳಬೇಕು?"
ಸ್ವಲ್ಪ ದೂರ ನಡೆದ ಮೇಲೆ, ನನ್ನ ಬೆನ್ನ ಹಿಂದಿನಿಂದಲೇ:
"ನೀವೂ ಎಡಗಾಲು ಎಳೀಲಿಕ್ಹತ್ತೀರಿ, ಅಕ್ಕೋರ.
ಚಪ್ಪಲಿ ಕೈಯಾಗ ಹಿಡೀರಿ."

ತೋಳದ ಸಾಲಿನ ಸಂಗತಿ ಹೇಳಿದೆ, ಬಾಣದ ಸಂಗತಿ ಕೂಡ.
ಹೋದ ಅಮಾಸಿಗೆ ಅವನ ಮರಿಯೊಂದು ಹೋಗಿತ್ತು.
"ಮುಂದಿನ ತೋಳ ಕಾಣತದರಿ.
ಮರಿ ಒಯ್ಯೂದು ಕಾಣಲಾರದ್ದು."

ಅಷ್ಟರಲ್ಲಿ ಹಿಂಡು ನಡುವೆ ಸೀಳಿತು.
ನೀರಿಗೆ ಬಂಡೆ ಅಡ್ಡ ಬಂದಂತೆ
ಅರ್ಧ ಆಚೆ, ಅರ್ಧ ಈಚೆ.
ನಡುವೆ ಬಂಡೆ ಇರಲಿಲ್ಲ.
ಅಂಗೈಯಗಲ ಬಯಲು,
ಅದರ ಮೇಲೊಂದು ಟಿಟ್ಟಿಭ,
ಎರಡೂ ರೆಕ್ಕೆ ಬಿಚ್ಚಿ, ಕಡ್ಡಿಗಾಲ ಮೇಲೆ ನಡುಗುತ್ತ,
ಮುನ್ನೂರು ಮೂತಿಗಳಿಗೆ ಒಂದೇ ಸಮನೆ ಬೈಯುತ್ತಿತ್ತು.
ಗೊರಸುಗಳು ಅದನ್ನು ಬಳಸಿಕೊಂಡು ಹೋದವು.
ಧೂಳು ಇಳಿಯಿತು.
ಅದರ ಹೊಟ್ಟೆಯಡಿ ನಾಲ್ಕು ಕಲ್ಲು. ಕಲ್ಲಲ್ಲ, ತತ್ತಿ.

ಇದು ನೋಡು ಅಮೋಗಿ, ಇದು ಅಂದರ...
ಶಬ್ದ ನಾಲಿಗೆಯ ತುದಿಗೆ ಬಂದಿತ್ತು, ಎರಡೂ ಭಾಷೆಯಲ್ಲಿ.
ಅವನು ನಕ್ಕ:
"ಏನೂ ಅನಬ್ಯಾಡ್ರಿ ಅದಕ.
ತತ್ತಿ ಅದಾವ, ಕುಂತದ. ಅಷ್ಟ."

ಸೋಮವಾರ ಕಾಗದ ಬಂತು.
ಕನ್ನಡ ಶಾಲೆ, ಪಟ್ಟದ ಮೇಲೆ ಹನ್ನೊಂದು ಮಕ್ಕಳು,
ವಿಲೀನಕ್ಕೆ ಅಭಿಪ್ರಾಯ ತಿಳಿಸಿ.
ಬುಧವಾರ ಕಚೇರಿಯಲ್ಲಿ ಎದ್ದು ನಿಂತೆ.
ನನ್ನ ಮರಾಠಿ ಮೊದಲೇ ಮೊಂಡು;
ದನಿ ಎಲ್ಲಿಂದಲೋ ಕಿರುಚಿಕೊಂಡು ಬಂತು,
ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.
ಸಾಹೇಬರು ಏನೋ ಬರೆದುಕೊಂಡರು.
ಏನಂತ ಇವತ್ತಿಗೂ ಗೊತ್ತಿಲ್ಲ.

ಆಮೇಲೊಂದು ಸಂಜೆ ಮಡ್ಡಿಗೆ ಹೋಗಿ ಹುಡುಕಿದೆ.
ಎಲ್ಲ ಕಲ್ಲೂ ತತ್ತಿಯಂತೆ, ಒಂದೂ ತತ್ತಿಯಲ್ಲ.
ಕಂಬಳಿ ಕೊಡವುತ್ತ ಅಮೋಗಿ ದೂರದಿಂದಲೇ ಕೂಗಿದ:
"ಹುಡಕಬ್ಯಾಡ್ರಿ.
ಸಿಗಲಾರದ್ದಕ್ಕ ಉಳದಾವ ಅವು."

ಶನಿವಾರ ಮಕ್ಕಳನ್ನು ಹಳ್ಳದ ತನಕ ಕರೆದೊಯ್ದೆ.
ಕರೆದೊಯ್ದೆ ಎಂಬುದು ತಪ್ಪು ಶಬ್ದ: ಹತ್ತು ಮಂದಿ ಮುಂದೆ,
ಹನ್ನೊಂದನೆಯವಳು ಸುಗಲವ್ವ, ಅವಳ ಹಿಂದೆ ನಾನು,
ಹಳೆಯ ಚಪ್ಪಲಿಯಲ್ಲಿ.
ಅವಳು ಬಗ್ಗಿ ಹರಿದ ಪಟ್ಟಿಗೆ ಪಿನ್ನು ಚುಚ್ಚತೊಡಗಿದಳು.
ನಾನು ಯಾರನ್ನೂ ಕೂಗಲಿಲ್ಲ.
ಮುಂದಿನವರು ತಾವಾಗಿಯೇ ತಿರುಗಿ ನೋಡಿ ನಿಂತರು,
ಒಬ್ಬನ ಹೊರತು.
ಅವನಿಗೆ ಕವಳಿಹಣ್ಣು ಕಂಡಿತ್ತು.