ಖಲಾಸಿಯ ಅರ್ಜಿ

ಬಂದರದ ಅಂಚೆ ಕಚೇರಿಯ ಜಗಲಿಯಲ್ಲಿ
ನನ್ನದೊಂದು ಮೋಟು ಡೆಸ್ಕು, ಶಾಯಿ ಕುಡಿಕೆ.
ಕ್ಷೇಮ ಸಮಾಚಾರಕ್ಕೆ ಒಂದಾಣೆ,
ಇಂಗ್ಲಿಷಿನ ಅರ್ಜಿಗೆ ಮೂರು.

ಬೆಂಗ್ರೆಯ ದೋಣಿ ಇಳಿದು ಚೆಯ್ಯಬ್ಬ ಬಂದ.
ಎಡಗಾಲಲ್ಲಿ ಎರಡೇ ಬೆರಳು.
ಉಳಿದದ್ದು ಚಳಿ ತಿಂದಿತು ಅಂದ.
ನಾನು ನಕ್ಕುಬಿಟ್ಟೆ.
ಚಳಿ ಬೆರಳು ತಿನ್ನುವುದನ್ನು
ಈ ಊರಲ್ಲಿ ಯಾರು ಕಂಡಿದ್ದಾರೆ?

ಕಂಪೆನಿಯ ಕಾಗದ ಓದಿ ಹೇಳಿದೆ:
ಟಾರ್ಪೆಡೊ ಬಡಿದದ್ದು ರಾತ್ರಿ ಹತ್ತಕ್ಕೆ,
ಹಡಗು ಮುಳುಗಿದ್ದು ಹತ್ತೂವರೆಗೆ,
ನಿನ್ನ ಸಂಬಳವೂ ಅಲ್ಲಿಗೇ ನಿಂತಿತು.
ಹಡಗಿಲ್ಲದ ಮೇಲೆ ಖಲಾಸಿ ಎಲ್ಲಿಂದ, ಮಾರಾಯ?

ಬರೀರಿ, ಅಂದ.
ನಂದು ಪ್ಯಾಂಟ್ರಿ ಕೆಲಸ. ಮಕ್ಕಳಿಗೆ ಕೋಕೋ ಕೊಡುವುದು.
ಎಪ್ಪತ್ತೆರಡು ಮಕ್ಕಳು,
ಬಾಂಬು ಬೀಳುವ ಊರಿಂದ ಬೀಳದ ಊರಿಗೆ.
ಒಬ್ಬೊಬ್ಬರ ಕೊರಳಲ್ಲೂ ಬಿಲ್ಲೆ, ಬಿಲ್ಲೆಯಲ್ಲಿ ನಂಬರು,
ಇಲ್ಲಿ ಕಾಫಿ ಮೂಟೆಗೆ ಕಟ್ಟುತ್ತಾರಲ್ಲ, ಹಾಗೆ.
ಆ ರಾತ್ರಿ ಕಪ್ಪು ತೊಳೆದು ಎಣಿಸಿದರೆ ಒಂದು ಕಡಿಮೆ.
ಯಾವನೋ ಪೋಕರಿ ಹೊದಿಕೆಯೊಳಗೆ ಅಡಗಿಸಿದ್ದಾನೆಂದು
ಹುಡುಕಿಕೊಂಡು ಹೋಗುತ್ತಿದ್ದೆ,
ಅಷ್ಟರಲ್ಲಿ.

ಮತ್ತೆ ಸುಮಾರು ಹೊತ್ತು ಅವನು ಏನೂ ಹೇಳಲಿಲ್ಲ.
ಧಕ್ಕೆಯಲ್ಲಿ ಯಾರೋ ಬೂತಾಯಿ ಬುಟ್ಟಿಗೆ ಬೈದಾಡುತ್ತಿದ್ದರು.
ನಾನು ಲೇಖನಿ ಒರೆಸಿದೆ.

ದೋಣಿಯಲ್ಲಿ ನಲವತ್ತೊಂದನೇ ನಂಬರು
ನನ್ನ ಮಡಿಲಲ್ಲಿ.
ಅವನ ಮಾತು ನನಗೆ ಬಾರದು, ನನ್ನದು ಅವನಿಗೆ.
ನಿದ್ದೆ ಹತ್ತಿದರೆ ಮುಗಿಯಿತು, ಹಾಗಾಗಿ
ಕೆನ್ನೆಗೆ ತಟ್ಟಿ ತಟ್ಟಿ ನಮ್ಮ ಬ್ಯಾರಿಯಲ್ಲಿ ಎಣಿಸಲು ಕಲಿಸಿದೆ.
ಒನ್ನು, ರಂಡು, ಮೂನು.
ಬೇಗ ಕಲಿತ. ಒಳ್ಳೆ ತಲೆ.

ನನಗೆ ಉಪಾಯ ಹೊಳೆಯಿತು. ಬರೆದೆ:
ಹಡಗು ಮುಳುಗಿದ ಮೇಲೂ ಅರ್ಜಿದಾರನು
ಐದು ದಿನ ಪ್ರಯಾಣಿಕರ ಸೇವೆಯಲ್ಲಿದ್ದನಾದ್ದರಿಂದ
ಐದು ದಿನದ ಸಂಬಳ ಬಾಕಿ ಇರುತ್ತದೆ.
ಇಂಗ್ಲಿಷಿನಲ್ಲಿ ಅದು ಇನ್ನೂ ಚಂದ ಇತ್ತು.
ಓದಿ, ಅರ್ಥ ಹೇಳಿ,
ಹೊಗಳಿಕೆಗೆ ಕಾದೆ.

ಅದನ್ನು ಹೊಡೆದು ಹಾಕಿ, ಅಂದ.
ಅದು ಕೆಲಸ ಅಲ್ಲ.

ಮತ್ತೆಂಥ ಬರೆಯಲಿ?

ಕಂಪೆನಿಯವರು ಆ ತಾಯಿಗೂ ಹೀಗೇ ಬರೆದಿರುತ್ತಾರೆ,
ಹತ್ತೂವರೆ ಅಂತ.
ಅಲ್ಲ. ಅವನು ಇದ್ದದ್ದು ಮಂಗಳವಾರ ಬೆಳಗ್ಗಿನವರೆಗೆ.
ಎಂಟರವರೆಗೆ ತಪ್ಪಿಲ್ಲದೆ ಎಣಿಸುತ್ತಿದ್ದ.
ಅದನ್ನು ಬರೀರಿ. ಅಷ್ಟೇ ಬರೀರಿ.

ಬರೆದೆ.
ಮೂರಾಣೆ ಬೇಡ ಅಂದರೂ ಡೆಸ್ಕಿನ ಮೇಲಿಟ್ಟು ಹೋದ.

ಉತ್ತರ ಬಂದದ್ದು ಮರುವರ್ಷ.
ಅಷ್ಟರಲ್ಲಿ ಬಂದರದ ದೀಪಗಳಿಗೆ ಕಪ್ಪು ಬಳಿದಿದ್ದರು,
ಬರ್ಮಾದ ಅಕ್ಕಿ ನಿಂತಿತ್ತು.
ಹದಿನೇಳು ರೂಪಾಯಿ ಚಿಲ್ಲರೆ, ಲೆಕ್ಕ ಚುಕ್ತಾ.
ನಲವತ್ತೊಂದರ ಬಗ್ಗೆ ಒಂದಕ್ಷರ ಇಲ್ಲ.
ಕಾಗದ ತಿರುಗಿಸಿ ಹಿಂದೆಯೂ ನೋಡಿದೆ.

ಚೆಯ್ಯಬ್ಬ ಹೆಬ್ಬೆಟ್ಟೊತ್ತಿದ.
ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ
ಮೆಲ್ಲಗೆ ಕೇಳಿದ:
ಆ ಕಪ್ಪಿನ ದುಡ್ಡು ಮುರಿದುಕೊಂಡಿದ್ದಾರಾ?

ಇಲ್ಲ, ಅಂದೆ.
ಲೆಕ್ಕದ ಹಾಳೆ ನೋಡದೆಯೇ ಅಂದೆ.